ಎಳೆ ಕಡಿದರೆ ನಿಲ್ಲುವ ಮಗ್ಗ

ಓಡುವುದೊಂದೇ ಗೊತ್ತಿರುವ ಮಗ್ಗಕ್ಕೆ ಎಳೆ ಕಡಿದದ್ದು ತಿಳಿಯುವುದಿಲ್ಲ. ಲಾಳಿ ಅತ್ತಿಂದಿತ್ತ ಹಾರುತ್ತಲೇ ಇರುತ್ತದೆ, ದೋಷವಿರುವ ಬಟ್ಟೆ ಸುತ್ತಿಕೊಳ್ಳುತ್ತಲೇ ಇರುತ್ತದೆ. ಯಾರಾದರೂ ನೋಡುವ ಹೊತ್ತಿಗೆ ಮಾರುದ್ದ ಬಟ್ಟೆ ಕೆಟ್ಟಿರುತ್ತದೆ. ಹಾಗಾಗಿ ಅಂಥ ಮಗ್ಗದ ಮುಂದೆ ಒಬ್ಬರು ಕಣ್ಣು ಕೀಲಿಸಿ ನಿಲ್ಲಲೇಬೇಕು. ದುಡಿಮೆ ಯಂತ್ರದ್ದು, ಕಾವಲು ಮನುಷ್ಯನದು.

ಜಪಾನಿನ ಬಡಗಿಯೊಬ್ಬರ ಮಗ ಸಾಕಿಚಿ ಟೊಯೋಡ 1896ರಲ್ಲಿ ರೂಪಿಸಿದ ಯಂತ್ರಮಗ್ಗ ಹೊಕ್ಕಿನ ಎಳೆ ತಪ್ಪಿದರೆ ತಾನಾಗಿ ನಿಲ್ಲುತ್ತಿತ್ತು. 1924ರ ಮಾದರಿ ಹಾಸಿನ ಎಳೆ ಕಡಿದರೂ ನಿಲ್ಲುತ್ತಿತ್ತು. ಇದರ ಉಪಾಯ ಸರಳ. ಹಾಸಿನ ಎಳೆಗಳ ಮೇಲೆ ತೆಳುವಾದ ಲೋಹದ ಪಟ್ಟಿಗಳು ತೂಗುತ್ತಿರುತ್ತವೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಅದರ ಮೇಲೆಯೇ ಕೂತಿರುತ್ತದೆ. ಎಳೆ ಕಡಿದ ಕ್ಷಣವೇ ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬರೀ ಗುರುತ್ವಾಕರ್ಷಣೆ. ಕಡಿದ ಎಳೆಗೆ ಗಂಟು ಹಾಕಲು ಈ ಮಗ್ಗಕ್ಕೆ ಬರುತ್ತಿರಲಿಲ್ಲ, ಅದು ಬೆರಳುಗಳ ಕೆಲಸ. "ಇನ್ನು ನನ್ನಿಂದಾಗದು, ಬನ್ನಿ" ಎಂದು ಹೇಳಲು ಬರುತ್ತಿತ್ತು, ಅಷ್ಟು ಸಾಕಾಯಿತು. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು. ಮಗ್ಗ ತಯಾರಿಕೆಗೆ ಹೆಸರಾಗಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಯೇ 1929ರಲ್ಲಿ ಇದರ ಹಕ್ಕು ಕೊಂಡುಕೊಂಡಿತು.

ಸಾಕಿಚಿಯ ಮಗ ಕೀಚಿರೊ ಕಾರು ತಯಾರಿಕೆಗೆ ಇಳಿದ. ಅವನಿಂದ ಬೆಳೆದ ಟೊಯೋಟ ಕಂಪನಿ ಮಗ್ಗದ ತಾನಾಗಿ ನಿಲ್ಲುವ ಈ ಗುಣವನ್ನು 'ಜಿದೋಕ' ಎಂದು ಕರೆಯುತ್ತದೆ. ಜಪಾನಿ ಭಾಷೆಯಲ್ಲಿ ಮಾಮೂಲಿ ಯಾಂತ್ರೀಕರಣಕ್ಕೂ ಇದೇ ಉಚ್ಚಾರ, ಬರೆಯುವಾಗ ಮಾತ್ರ ವ್ಯತ್ಯಾಸ. 'ಚಲನೆ' ಎಂಬರ್ಥದ ಅಕ್ಷರದ ಎಡಕ್ಕೆ 'ಮನುಷ್ಯ'ನನ್ನು ಸೂಚಿಸುವ ಎರಡು ಗೀರು ಎಳೆಯುತ್ತಾರೆ. ಆಗ ಅದು 'ದುಡಿಮೆ' ಆಗುತ್ತದೆ.

ಕಾರು ಜೋಡಿಸುವ ಲೈನಿನಲ್ಲಿ ಲೋಹದ ಪಟ್ಟಿಯ ಜಾಗಕ್ಕೆ ಹಗ್ಗ ಬಂತು. ಬೋಲ್ಟು ಸರಿಯಾಗಿ ಕೂರದಿದ್ದರೆ ಕೆಲಸಗಾರರು ತಲೆಯ ಮೇಲಿನ ಹಗ್ಗ ಎಳೆಯುತ್ತಾರೆ. 'ಅಂಡೋನ್' ಫಲಕದಲ್ಲಿ ದೀಪ ಹತ್ತುತ್ತದೆ, ಟೀಮ್ ಲೀಡರ್ ಬರುತ್ತಾರೆ. ಲೈನ್ ಒಮ್ಮೆಲೇ ನಿಲ್ಲುವುದಿಲ್ಲ. ಕಾರು ಆ ಕೆಲಸಗಾರರ ಗಡಿ ದಾಟುವವರೆಗೆ ಸಮಯವಿರುತ್ತದೆ. ಅಷ್ಟರೊಳಗೆ ಸರಿಹೋದರೆ ಸರಿ, ಇಲ್ಲದಿದ್ದರೆ ಇಡೀ ಸಾಲು ನಿಲ್ಲುತ್ತದೆ. ನಮ್ಮ ಬಿಡದಿಯಲ್ಲಿ 1999ರ ಕೊನೆಗೆ ಕಾರು ತಯಾರಿಸತೊಡಗಿದ ಟೊಯೋಟ ಕಾರ್ಖಾನೆ ಬೆಳೆದದ್ದೂ ಇದೇ ಪದ್ಧತಿಯಲ್ಲಿ.

ಇನ್ನೊಂದು ದಾರಿಯೂ ಇದೆ. ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು, ಒಬ್ಬರನ್ನು ಪರದೆಯ ಮುಂದೆ ಕಾವಲಿಗೆ ಕೂರಿಸುವುದು. ಇದು ಮನುಷ್ಯನ ಜಾಯಮಾನಕ್ಕೆ ಒಗ್ಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದ ರೇಡಾರ್ ಸಿಬ್ಬಂದಿಯ ಸಮಸ್ಯೆಯಿಂದ ಹೊರಟ ಬ್ರಿಟನ್ನಿನ ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿಸಿದ. ಮುಳ್ಳು ಹೆಜ್ಜೆಹೆಜ್ಜೆಯಾಗಿ ಸಾಗುತ್ತ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು. ಆ ಜಿಗಿತವನ್ನು ಹಿಡಿಯಬೇಕು, ಅಷ್ಟೇ ಪರೀಕ್ಷೆ. ಅರ್ಧ ಗಂಟೆ ಕಳೆಯುವಷ್ಟರಲ್ಲೇ ಕಣ್ಣು ತಪ್ಪುವುದು ಹೆಚ್ಚತೊಡಗಿತು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ ಇನ್ನೊಂದು ತೊಡಕನ್ನು ತೋರಿಸಿಕೊಟ್ಟರು: ಯಂತ್ರ ಚೆನ್ನಾಗಿ ನಡೆದಷ್ಟೂ ನೋಡಿಕೊಳ್ಳುವವರ ಕೈಗೆ ಕೆಲಸ ತಪ್ಪುತ್ತದೆ, ಆದರೆ ಅವರಿಗೆ ಕರೆ ಬರುವುದು ಯಂತ್ರವೂ ಕೈಚೆಲ್ಲಿದ ಗಳಿಗೆಯಲ್ಲಿ. ವರ್ಷಗಟ್ಟಲೆ ಈಜದವರನ್ನು ನೆರೆ ಬಂದ ದಿನವೇ ಹೊಳೆಗೆ ಇಳಿಸಿದ ಹಾಗೆ.

ಎಲ್ಲವನ್ನೂ ರೋಬಾಟ್‌ಗೆ ಬಿಡಲು ಹೋಗಿ ಬಿಸಿ ತಗುಲಿದ್ದು ಟೆಸ್ಲಾಗೆ. ಬ್ಯಾಟರಿಯ ಮೇಲೆ ಹಾಸುವ ಮೆತ್ತನೆಯ ನಾರಿನ ಹಾಳೆಯನ್ನು ಎತ್ತಿಡಲು ಅದರ ರೋಬಾಟ್‌ಗಳು ಪದೇಪದೇ ಸೋತವು. ಗಟ್ಟಿ ವಸ್ತು ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಹೇಳಲು ಆರು ಸಂಖ್ಯೆ ಸಾಕು. ಬಟ್ಟೆಯಂಥ ವಸ್ತು ಮಡಚಬಹುದು, ಜೋತುಬೀಳಬಹುದು, ಅದರ ರೂಪಗಳಿಗೆ ಲೆಕ್ಕವಿಲ್ಲ. ನಮ್ಮ ಬೆರಳಿಗೆ ಅದು ಲೆಕ್ಕವೇ ಅಲ್ಲ. ಅತಿಯಾಗಿ ಯಾಂತ್ರೀಕರಣ ಮಾಡಿದ್ದು ತನ್ನದೇ ತಪ್ಪು ಎಂದು 2018ರ ಏಪ್ರಿಲ್‌ನಲ್ಲಿ ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ ಬಹಿರಂಗವಾಗಿಯೇ ಒಪ್ಪಿಕೊಂಡ.

ಯಾರಿಗೂ ಪೆಟ್ಟಾಗದಿರಲೆಂದು ಪಂಜರದೊಳಗೆ ಇಡುತ್ತಿದ್ದ ರೋಬಾಟ್ ಹೊರಬಂದು ಮನುಷ್ಯನ ಪಕ್ಕ ನಿಲ್ಲುವ ಪ್ರಯತ್ನಕ್ಕೆ 'ಕೋಬಾಟ್' ಎಂದು ಹೆಸರು. 1996ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ ರೂಪಿಸಿದ ಮೊದಲ ಕೋಬಾಟ್‌ಗೆ ತಾನಾಗಿ ಮುನ್ನುಗ್ಗುವ ಬಲವೇ ಇರಲಿಲ್ಲ. ತಳ್ಳುವುದು ಮನುಷ್ಯ, ಚಕ್ರ ಯಾವ ಕಡೆ ತಿರುಗಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ಭಾರದ ಭಾಗವೊಂದನ್ನು ಸಾಗಿಸುವಾಗ ಅದು ಬೇರೇನಕ್ಕೂ ತಗುಲದಂತೆ ಕಣ್ಣಿಗೆ ಕಾಣದ ಗೋಡೆಯೊಂದು ದಾರಿ ಹಿಡಿಸುತ್ತಿತ್ತು.

ಈಗಿನ ಕೋಬಾಟ್ ತೋಳುಗಳಿಗೆ ಮೋಟಾರು ಇದೆ. ಯಾರಿಗಾದರೂ ತಗುಲಿದರೆ ಕೀಲುಗಳ ಮೇಲಿನ ಒತ್ತಡ ಬದಲಾದದ್ದನ್ನು ಗುರುತಿಸಿ ನಿಲ್ಲುತ್ತವೆ. ತಗುಲಿದರೂ ಎಷ್ಟು ಜೋರಾಗಿ ತಗುಲಬಹುದು ಎಂಬುದಕ್ಕೆ 2016ರ ಅಂತಾರಾಷ್ಟ್ರೀಯ ಮಾನದಂಡವೊಂದು ದೇಹದ 29 ಜಾಗಗಳನ್ನು ಗುರುತಿಸಿ ಮಿತಿ ಹಾಕಿದೆ. ಆದರೆ ತೋಳು ಸಾಧುವಾದರೆ ಸಾಲದು. ಅದರ ತುದಿಯಲ್ಲಿ ಹರಿತವಾದ ಬ್ಲೇಡ್ ಇದ್ದರೆ ಮೆಲ್ಲಗೆ ತಗುಲಿದರೂ ಗಾಯವೇ.

ಹೊಸ ಯಂತ್ರ ತರಿಸುವವರು ನಿಮಿಷಕ್ಕೆ ಎಷ್ಟು ತಯಾರಾಗುತ್ತದೆ ಎಂದು ಹೇಗೂ ಕೇಳುತ್ತಾರೆ. ಜೊತೆಗೆ ಮಗ್ಗದ ಪ್ರಶ್ನೆಗಳನ್ನೂ ಕೇಳಬೇಕು. ಎಳೆ ಕಡಿದರೆ ಇದಕ್ಕೆ ಗೊತ್ತಾಗುತ್ತದೆಯೇ? ಗೊತ್ತಾದರೆ ಯಾರನ್ನು ಕರೆಯುತ್ತದೆ? ಓಡಿ ಬಂದವರ ಬೆರಳಿಗೆ ಗಂಟು ಹಾಕುವುದು ಇನ್ನೂ ನೆನಪಿರುತ್ತದೆಯೇ?