ಓದಿ ಕಲಿಯುವ ಯಂತ್ರ

ಲೆಕ್ಕಕ್ಕೆಂದು ಹುಟ್ಟಿದ ಗಣಕಯಂತ್ರವು ಬರಹಗಳನ್ನೋದಿ ಜ್ಞಾನವನ್ನು ಸಂಪಾದಿಸಬಲ್ಲುದೆ? ಇದನ್ನು ಪರೀಕ್ಷಿಸಲು ಅಮೇರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಮಿಚೆಲ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ೨೦೧೦ನೆಯ ಇಸವಿ ಜನವರಿಯಲ್ಲಿ ಒಂದು ಪ್ರಯೋಗವನ್ನಾರಂಭಿಸಿದರು. ಅದರ ಹೆಸರು ‘ನೆಲ್’. ಕೊನೆಯಿಲ್ಲದ ಭಾಷಾಕಲಿಕೆ ಎಂಬುದು ಆ ಹೆಸರಿನ ಭಾವ. ಅಂತರಜಾಲದಲ್ಲಿರುವ ಇಂಗ್ಲಿಷ್ ಬರಹಗಳನ್ನು ಹಗಲಿರುಳೂ ಓದಿ ತಿಳಿವಳಿಕೆಯನ್ನು ಕೂಡಿಡುವುದೇ ಅದರ ಕೆಲಸವಾಗಿತ್ತು. ಅದು ಕಲಿತ ಬಗೆಯನ್ನೂ ತಪ್ಪಿದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸುವೆವು.

ಬಾಲಕರ ಮುಂದೆ ನಾವು ಕೆಲವು ಮಾದರಿಗಳನ್ನಿಟ್ಟು ಪಾಠವನ್ನಾರಂಭಿಸುವಂತೆ, ಅವರು ನಗರ, ವ್ಯಕ್ತಿ, ಸಂಸ್ಥೆ ಮೊದಲಾದ ವರ್ಗಗಳನ್ನು ಗೊತ್ತುಮಾಡಿ, ಒಂದೊಂದಕ್ಕೂ ಹತ್ತು ಹದಿನೈದು ಉದಾಹರಣೆಗಳನ್ನು ಮಾತ್ರ ಕೊಟ್ಟರು. ಆ ಹೆಸರುಗಳು ಯಾವ ಮಾತುಗಳ ನೆರೆಯಲ್ಲಿ ಬರುವುವೆಂಬುದನ್ನು ಯಂತ್ರವು ಗುರುತಿಸಿತು. ‘ಇಂಥ ಊರಿನ ಮೇಯರ್’ ಎಂಬ ಪದಸರಣಿಯಲ್ಲಿ ನಗರದ ಹೆಸರು ಬರುವುದೆಂದು ಕಂಡುಕೊಂಡಮೇಲೆ, ಅದೇ ಸರಣಿಯಲ್ಲಿ ಬಂದ ಹೊಸ ಹೆಸರನ್ನೂ ನಗರವೆಂದೆಣಿಸುವುದು ಅದರ ಕ್ರಮ. ಹೊಸ ಹೆಸರುಗಳಿಂದ ಹೊಸ ಸರಣಿಗಳು, ಅವುಗಳಿಂದ ಮತ್ತೆ ಹೆಸರುಗಳು. ಹೀಗೆ ೬೭ ದಿನಗಳಲ್ಲಿ ಅದು ಸುಮಾರು ೨,೪೨,೦೦೦ ಸಂಗತಿಗಳನ್ನು ಸಂಗ್ರಹಿಸಿತು.

ಆದರೆ ಸಂಗ್ರಹವೆಲ್ಲವೂ ಜ್ಞಾನವಾಗಲಿಲ್ಲ. ಆ ಅವಧಿಯ ಮೊದಲ ಭಾಗದಲ್ಲಿ ಕಲಿತುದರಲ್ಲಿ ಶೇಕಡಾ ೯೦ರಷ್ಟು ಸರಿಯಾಗಿದ್ದರೆ, ನಡುವಣ ಭಾಗದಲ್ಲಿ ೭೧, ಕೊನೆಯ ಭಾಗದಲ್ಲಿ ೫೭ ಮಾತ್ರ ಸರಿಯೆಂದು ಅಂದಾಜಾಯಿತು. ಒಂದು ತಪ್ಪನ್ನು ನಿಜವೆಂದು ನಂಬಿದೊಡನೆ ಮುಂದಿನ ಪಾಠವು ಅದರ ಮೇಲೆಯೇ ನಿಲ್ಲುವುದಷ್ಟೆ! ಅಮೇರಿಕದವರು ಬಿಸ್ಕತ್ತಿನಂಥ ತಿಂಡಿಗೆ ‘ಕುಕಿ’ ಎನ್ನುವರು. ಅಂತರಜಾಲದ ತಾಣಗಳು ನಮ್ಮ ಗಣಕದಲ್ಲಿ ಉಳಿಸುವ ಚಿಕ್ಕ ಕಡತಕ್ಕೂ ಅದೇ ಹೆಸರು. ನೆಲ್ ಇವೆರಡನ್ನೂ ಒಂದೇ ಎಂದು ಬಗೆದು, ಕ್ರಮೇಣ ಗಣಕದ ಇತರ ಕಡತಗಳನ್ನೂ ತಿಂಡಿಗಳ ಸಾಲಿಗೆ ಸೇರಿಸಿತು.

ಇಂಥ ಪ್ರಮಾದಗಳನ್ನು ತಡೆಯಲು ಕಟ್ಟುಪಾಡುಗಳು ಇರದೆ ಇರಲಿಲ್ಲ. ವ್ಯಕ್ತಿಯಾದುದು ನಗರವಾಗಲಾರದೆಂಬ ನಿಯಮವಿತ್ತು. ವಾಕ್ಯದಿಂದ ಕಲಿತುದನ್ನು ಪಟ್ಟಿಗಳಿಂದ ಕಲಿತುದರೊಡನೆ ಹೋಲಿಸಿ ನೋಡುವ ಏರ್ಪಾಡಿತ್ತು. ಅಷ್ಟು ಸಾಲದೆಂದು ತಿಳಿದಮೇಲೆ, ಆ ವರ್ಷದ ಜೂನ್ ತಿಂಗಳಿನಿಂದ ವಿಜ್ಞಾನಿಗಳೇ ಎರಡು ವಾರಗಳಿಗೊಮ್ಮೆ ಪ್ರತಿಯೊಂದು ವರ್ಗವನ್ನೂ ಐದು ನಿಮಿಷಗಳಷ್ಟು ಕಾಲ ಪರಿಶೀಲಿಸಿ, ಎದ್ದು ಕಾಣುವ ತಪ್ಪುಗಳನ್ನು ತಿದ್ದತೊಡಗಿದರು. ಸಾವಿರಾರು ಪುಟಗಳ ಓದು ಕೊಡಲಾರದುದನ್ನು ಈ ಅಲ್ಪಕಾಲದ ತಿದ್ದುಪಡಿ ಕೊಟ್ಟಿತು.

ಕೇಳಿದೊಡನೆ ಉತ್ತರವನ್ನೊಪ್ಪಿಸುವ ಇಂದಿನ ಯಂತ್ರಗಳ ರಚನೆ ನೆಲ್‌ಗಿಂತ ಭಿನ್ನವಾದುದು. ಆದರೂ ಅವು ಬಹುಮಟ್ಟಿಗೆ ಬರಹಗಳಿಂದಲೇ ಕಲಿತವು. ಅವೂ ತಪ್ಪುವುವು, ತಪ್ಪನ್ನು ಹಲವು ವೇಳೆ ನಿಶ್ಶಂಕೆಯಿಂದಲೇ ನುಡಿಯುವುವು. ನಮ್ಮ ವಿದ್ಯಾರ್ಥಿಗಳು ಅವುಗಳ ನೆರವನ್ನು ಪಡೆಯಬಾರದೆಂದು ನಾವು ಹೇಳುವುದಿಲ್ಲ. ಪಡೆದ ಉತ್ತರವನ್ನು ಮತ್ತೊಂದು ಗ್ರಂಥದೊಡನೆ ಹೋಲಿಸಿ ನೋಡಲಿ, ಸಂದೇಹ ಬಂದೆಡೆ ಉಪಾಧ್ಯಾಯರನ್ನು ಕೇಳಲಿ. ಯಂತ್ರಕ್ಕೇ ತಿದ್ದುವವರು ಬೇಕಾದಮೇಲೆ, ಅದನ್ನು ಕೇಳಿ ಕಲಿಯುವವರಿಗೆ ಬೇಡವೆ?