ಹನೋಯ್‌ನ ಫುಟ್‌ಪಾತ್‌ನಲ್ಲಿ ಮೊದಲ ದಿನ

ನಮ್ಮ ಮನೆಯಲ್ಲಿ ವಿಯೆಟ್ನಾಂ ಎಂಬ ಹೆಸರು ಕಾಳುಮೆಣಸಿನ ಧಾರಣೆಯ ಜೊತೆಗೇ ಬರುತ್ತಿತ್ತು. ಪುತ್ತೂರು ಕಡೆಯ ಅಡಿಕೆ ತೋಟ ನಮ್ಮದು, ಮರಮರಕ್ಕೂ ಮೆಣಸಿನ ಬಳ್ಳಿ. ಧಾರಣೆ ಇಳಿದ ದಿನ ಅಪ್ಪ ಪೇಪರು ಮಡಚಿಟ್ಟು, “ವಿಯೆಟ್ನಾಂ ಮಾಲು ಬಂತಂತೆ” ಎನ್ನುತ್ತಿದ್ದರು. ಜಗತ್ತಿನಲ್ಲೇ ಅತಿ ಹೆಚ್ಚು ಕಾಳುಮೆಣಸು ಬೆಳೆದು ಮಾರುವ ದೇಶ ಅದು. ಹೊರಗಿನಿಂದ ಬರುವ ಅಗ್ಗದ ಮೆಣಸನ್ನು ತಡೆಯಲು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರ ಗೊತ್ತುಮಾಡಿದಾಗ ನಮ್ಮಲ್ಲೂ ಕೊಡಗಿನಲ್ಲೂ ಬೆಳೆಗಾರರಿಗೆ ಸ್ವಲ್ಪ ಧೈರ್ಯ ಬಂದಿತ್ತು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಾನು ಆ ದೇಶವನ್ನು ವರ್ಷವರ್ಷವೂ ನಕಾಶೆಯಲ್ಲಿ ಕೋಲಿಟ್ಟು ತೋರಿಸುತ್ತಲೇ ಬಂದವಳು. 2024ರ ದಸರಾ ರಜೆಯಲ್ಲಿ ಅದನ್ನು ನೋಡಿಯೇ ಬರೋಣವೆಂದು ಒಬ್ಬಳೇ ಹೊರಟೆ.

ಇ-ವೀಸಾಕ್ಕೆ 25 ಡಾಲರ್, ಅಂದರೆ ಸುಮಾರು 2,100 ರೂಪಾಯಿ. 2023ರ ಆಗಸ್ಟ್‌ನಿಂದ ಇದರಲ್ಲಿ 90 ದಿನದವರೆಗೂ ಅಲ್ಲಿರಬಹುದು. ಕೋಲ್ಕತ್ತಾದಲ್ಲಿ ವಿಮಾನ ಬದಲಿಸಿ ಹನೋಯ್‌ನ ನೋಯ್ ಬಾಯ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನನ್ನ ಲೆಕ್ಕ ಸರಳ: ಮಲಗುವುದು, ತಿನ್ನುವುದು, ಓಡಾಡುವುದು ಎಲ್ಲ ಸೇರಿ ದಿನಕ್ಕೆ 1,500 ರೂಪಾಯಿ. ಇಷ್ಟರಲ್ಲಿ ಟ್ಯಾಕ್ಸಿ ಮಾಡಿಕೊಂಡು ಹೋಟೆಲಿನ ಬಾಗಿಲಿಗೇ ಹೋಗಿ ಇಳಿಯಲು ಆಗುವುದಿಲ್ಲ. ಊರಿನವರು ಹತ್ತುವ ಬಸ್ಸನ್ನೇ ಹತ್ತಬೇಕು, ಅವರು ಕೂತು ತಿನ್ನುವಲ್ಲೇ ತಿನ್ನಬೇಕು. ಕಡಿಮೆ ದುಡ್ಡಿನ ಪ್ರಯಾಣ ನನಗೆ ಹಿಡಿಸುವುದೇ ಇದಕ್ಕೆ. ಊರು ತನ್ನವರಿಗಾಗಿ ಮಾಡಿಕೊಂಡ ವ್ಯವಸ್ಥೆ ನಮ್ಮನ್ನೂ ಹೇಗೆ ಸಾಕುತ್ತದೆ ಎಂಬುದು ಮೊದಲ ದಿನವೇ ಗೊತ್ತಾಗಿಬಿಡುತ್ತದೆ.

ಹಣ ಬದಲಿಸಿದ ಕೂಡಲೇ ಕೈಗೆ ಲಕ್ಷಗಳು ಬರುತ್ತವೆ. ಆಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಬೆಲೆಯ ಕೊನೆಯ ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನು ಹತ್ತರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ರೂಪಾಯಿ ಸಿಗುತ್ತದೆ. ಇದನ್ನು ಬಾಯಲ್ಲೇ ಮಾಡಲು ಅಭ್ಯಾಸವಾದರೆ ಅರ್ಧ ಗೊಂದಲ ಹೋಯಿತು. ಇನ್ನರ್ಧ ಇರುವುದು ಬಣ್ಣದಲ್ಲಿ. ಹತ್ತು ಸಾವಿರದಿಂದ ಮೇಲಿನ ನೋಟುಗಳೆಲ್ಲ ನುಣುಪಾದ ಪ್ಲಾಸ್ಟಿಕ್ಕಿನವು, ಎಲ್ಲದರ ಮೇಲೂ ಆ ದೇಶದ ಹಿಂದಿನ ನಾಯಕ ಹೊ ಚಿ ಮಿನ್ ಅವರ ಮುಖ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ. ಒಂದರ ಬೆಲೆ 70 ರೂಪಾಯಿಯೊಳಗೆ, ಇನ್ನೊಂದರದ್ದು 1,600ಕ್ಕೂ ಮೇಲೆ. ಹಿಂಬದಿ ನೋಡಿಕೊಳ್ಳಬೇಕು: 20 ಸಾವಿರದ್ದರಲ್ಲಿ ಹೊಯ್ ಆನ್ ಪಟ್ಟಣದ ಹಳೆಯ ಸೇತುವೆ, 5 ಲಕ್ಷದ್ದರಲ್ಲಿ ಹೊ ಚಿ ಮಿನ್ ಬಾಲ್ಯ ಕಳೆದ ಹಳ್ಳಿಮನೆ. ನಾನು ಎರಡನ್ನೂ ಬೇರೆಬೇರೆ ಜೇಬಿನಲ್ಲಿಟ್ಟೆ.

ನಗರಕ್ಕೆ ಹೋಗುವ 86ನೇ ನಂಬರಿನ ಕಿತ್ತಳೆ ಬಣ್ಣದ ಬಸ್ಸಿಗೆ ಆಗ 45 ಸಾವಿರ ಡಾಂಗ್, ನಮ್ಮ 150 ರೂಪಾಯಿ. ಬಸ್ಸಿನೊಳಗೇ ಟಿಕೆಟ್. ವಿಮಾನ ನಿಲ್ದಾಣ ಊರಿನಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕಿದೆ, ನಡುವೆ ಕೆಂಪು ನದಿ. 2015ರಲ್ಲಿ ತೆರೆದ ಞಾತ್ ತಾನ್ ಸೇತುವೆಯ ಐದು ಎತ್ತರದ ಗೋಪುರಗಳ ನಡುವೆ ಬಸ್ಸು ಹೊಳೆ ದಾಟುವಾಗ ಬೆಳಕಾಗಿತ್ತು. ನೀರು ನಿಜಕ್ಕೂ ಕೆಂಪು, ನಮ್ಮ ಕುಮಾರಧಾರೆ ಆಷಾಢದಲ್ಲಿ ಹರಿಯುವ ಬಣ್ಣ. ಆಚೆ ದಡಕ್ಕೆ ಬಂದ ಮೇಲೆ ದಾರಿ ನದಿಯ ಕಟ್ಟೆಯ ಗುಂಟ ಸಾಗುತ್ತದೆ. ಈ ಕಟ್ಟೆ ಇಲ್ಲದಿದ್ದರೆ ಹನೋಯ್ ಇಲ್ಲ. ಶತಮಾನಗಳಿಂದ ಮಣ್ಣು ಹಾಕಿ ಎತ್ತರಿಸುತ್ತ ಬಂದ ಈ ಏರಿಯೇ ಊರನ್ನು ನೆರೆಯಿಂದ ಕಾಯುವುದು. ಅದರ ಗೋಡೆಯ ಮೇಲೆ ಬಣ್ಣದ ಪಿಂಗಾಣಿ ಚೂರುಗಳ ಚಿತ್ರ, ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ. 1010ರಲ್ಲಿ ಲೀ ತಾಯ್ ತೋ ಎಂಬ ಅರಸ ಇಲ್ಲಿ ರಾಜಧಾನಿ ಕಟ್ಟಿದ; 2010ರಲ್ಲಿ ಸಾವಿರ ವರ್ಷ ತುಂಬಿದ್ದಕ್ಕೆ ಮಾಡಿಸಿದ ಚಿತ್ರ ಅದು. ಅದನ್ನೇ ನೋಡುತ್ತಿದ್ದವಳಿಗೆ ರಸ್ತೆಬದಿಯ ಬೋಳು ಬೊಡ್ಡೆಗಳೂ ಕಂಡವು. ತಿಂಗಳ ಹಿಂದಷ್ಟೇ, ಸೆಪ್ಟೆಂಬರ್ 7ರಂದು, ಯಾಗಿ ಚಂಡಮಾರುತ ಊರಿನ ಸಾವಿರಾರು ಮರಗಳನ್ನು ಉರುಳಿಸಿತ್ತು. ಬುಡ ಉಳಿದಲ್ಲಿ ಕೊಂಬೆ ಸವರಿ, ನಾಲ್ಕೂ ಕಡೆ ಗಳು ಆನಿಸಿ ಮತ್ತೆ ನಿಲ್ಲಿಸಿದ್ದರು. ಕೆಲವು ಬೊಡ್ಡೆಗಳಲ್ಲಿ ಆಗಲೇ ಚಿಗುರು.

ಲಾಂಗ್ ಬಿಯೆನ್ ಬಸ್ ನಿಲ್ದಾಣದಲ್ಲಿ ಇಳಿದು ಹಳೆಯ ಪೇಟೆಗೆ ನಡೆದೇ ಹೋಗಬಹುದು. ಆದರೆ ರಸ್ತೆ ದಾಟಬೇಕು. ಹನೋಯ್‌ನಲ್ಲಿರುವ ಮೋಟಾರ್ ಬೈಕುಗಳ ಸಂಖ್ಯೆ 60 ಲಕ್ಷಕ್ಕೂ ಹೆಚ್ಚು. ದೊಡ್ಡ ಕೂಡುರಸ್ತೆ ಬಿಟ್ಟರೆ ಸಿಗ್ನಲ್ಲಿಗೆ ಕಾಯುವುದೆಂಬುದಿಲ್ಲ, ಬೈಕುಗಳ ಸಾಲು ಕಡಿಯುವುದೂ ಇಲ್ಲ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ನಾವು ಮೊದಲು ಎಡಕ್ಕೆ ನೋಡಬೇಕು. ನಾನು ಬ್ಯಾಗು ಹೊತ್ತು ನಿಂತಿದ್ದಾಗ ಪಕ್ಕದಲ್ಲಿ ಹೂವಿನ ಕಟ್ಟು ಹಿಡಿದ ಹೆಂಗಸೊಬ್ಬಳು ನನ್ನ ಮೊಣಕೈ ಮುಟ್ಟಿ, ಬಾ ಎಂಬಂತೆ ಗಲ್ಲ ಆಡಿಸಿ, ಸುಮ್ಮನೆ ರಸ್ತೆಗಿಳಿದಳು. ನಿಲ್ಲಲಿಲ್ಲ, ಓಡಲಿಲ್ಲ, ಒಂದೇ ನಡಿಗೆ. ಬೈಕುಗಳು ನಮ್ಮ ಹಿಂದಿನಿಂದ ಕೆಲವು, ಮುಂದಿನಿಂದ ಕೆಲವು ಸರಿದುಹೋದವು. ಆಮೇಲೆ ಇಡೀ ದಿನ ಇದನ್ನೇ ಗಮನಿಸಿದೆ. ಮುಂದಿನ ಕ್ಷಣ ನೀವು ಎಲ್ಲಿರುತ್ತೀರಿ ಎಂದು ಪ್ರತಿ ಸವಾರನೂ ದೂರದಿಂದಲೇ ಅಂದಾಜು ಹಾಕುತ್ತಾನೆ. ನಡಿಗೆ ಬದಲಾಗದಿದ್ದರೆ ಅವನ ಅಂದಾಜು ತಪ್ಪುವುದಿಲ್ಲ. ಗಾಬರಿಯಿಂದ ಹಿಂದೆ ಸರಿದರೆ ಮಾತ್ರ ಅಪಾಯ. ಎಲ್ಲರ ತಲೆಯ ಮೇಲೂ ಹೆಲ್ಮೆಟ್ ಇತ್ತು. 2007ರ ಡಿಸೆಂಬರ್ 15ರಿಂದ ಅದು ಕಡ್ಡಾಯ, ಹಿಂದೆ ಕೂತವರಿಗೂ.

ಹಳೆಯ ಪೇಟೆಯನ್ನು ಮೂವತ್ತಾರು ಬೀದಿಗಳ ಪೇಟೆ ಎನ್ನುತ್ತಾರೆ. ಒಂದೊಂದು ಬೀದಿಗೂ ಒಂದೊಂದು ಕಸುಬು. ಹಾಂಗ್ ಥಿಯೆಕ್‌ನಲ್ಲಿ ಈಗಲೂ ತಗಡು ಬಡಿಯುವ ಸದ್ದು, ಲಾನ್ ಓಂಗ್‌ನಲ್ಲಿ ಬೇರು ನಾರು ಒಣಸೊಪ್ಪಿನ ವಾಸನೆ, ಹಾಂಗ್ ಮಾದಲ್ಲಿ ಪಿತೃಗಳಿಗೆ ಸುಟ್ಟು ಅರ್ಪಿಸುವ ಕಾಗದದ ಸಾಮಾನು. ಮನೆಗಳು ಮುಂದಿನಿಂದ ಎರಡು ಮೂರು ಮೀಟರ್ ಅಗಲ ಅಷ್ಟೆ, ಒಳಗೆ ಮಾತ್ರ ಉದ್ದಕ್ಕೆ ಹೋಗುತ್ತಲೇ ಇರುತ್ತವೆ. ವ್ಯಾಪಾರದ ಬೀದಿಗೆ ಮುಖ ಮಾಡಿದ ಒಂದು ತುಂಡು ಜಾಗ ಎಲ್ಲರಿಗೂ ಬೇಕಿತ್ತು. ಹಾಗಾಗಿ ಜಾಗ ಸೀಳಿಸೀಳಿ ಹಂಚಿಹೋಯಿತು. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಒಂದೊಂದು ಮನೆಯಲ್ಲಿ ನಾಲ್ಕೈದು ಕುಟುಂಬಗಳನ್ನು ಇರಿಸಿದರು. ಖಾಸಗಿ ವ್ಯಾಪಾರಕ್ಕೆ ಅಂಕುಶ, ಅಕ್ಕಿ ಬಟ್ಟೆಗೆಲ್ಲ ರೇಷನ್ ಚೀಟಿ. 1986ರಲ್ಲಿ ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಬಂದದ್ದೇ ತಡ, ಬೀದಿಗೆ ತೆರೆದ ಪ್ರತಿ ಕೋಣೆಯೂ ಅಂಗಡಿಯಾಯಿತು. ಒಳಗೆ ಜಾಗವಿಲ್ಲದ ಬದುಕು ಫುಟ್‌ಪಾತಿಗೆ ಬಂತು.

ಬಂದದ್ದು ಅಲ್ಲೇ ಉಳಿದಿದೆ. ಬೆಳಗಿನ ಏಳು ಗಂಟೆಗೆ ನಾನು ಕಂಡ ಫುಟ್‌ಪಾತಿನಲ್ಲಿ ಒಬ್ಬರು ತರಕಾರಿ ಹೆಚ್ಚುತ್ತಿದ್ದರು, ಒಬ್ಬ ಮರಕ್ಕೆ ಕನ್ನಡಿ ನೇತುಹಾಕಿ ಕ್ಷೌರ ಮಾಡುತ್ತಿದ್ದ, ಅಜ್ಜಿಯೊಬ್ಬರು ಮೊಮ್ಮಗುವಿಗೆ ಗಂಜಿ ಉಣಿಸುತ್ತಿದ್ದರು, ಎಲ್ಲರ ನಡುವೆ ಬೈಕುಗಳು ಸಾಲಾಗಿ ನಿಂತಿದ್ದವು. ಅಂಗಡಿಯೊಳಗೆ ಇಣುಕಿದರೆ ಬಾಗಿಲಿಗೆ ಮುಖಮಾಡಿ ನೆಲದ ಮೇಲೇ ಇಟ್ಟ ಕೆಂಪು ಗೂಡು, ಅದರೊಳಗೆ ಧನದ ದೇವರು ಮತ್ತು ನೆಲದ ದೇವರು, ಮುಂದೆ ಊದುಬತ್ತಿ, ಹಣ್ಣು. ಬೆಳಿಗ್ಗೆ ಅಂಟಕ್ಕಿ ಅನ್ನ ಮಾರಿದವಳು ಒಂಬತ್ತಕ್ಕೆ ಎದ್ದುಹೋದರೆ ಅದೇ ಜಾಗದಲ್ಲಿ ಚಹಾದವಳು ಕೂರುತ್ತಾಳೆ. ಸಂಜೆ ಅಲ್ಲೇ ಶಾವಿಗೆಯ ಒಲೆ ಉರಿಯುತ್ತದೆ. ನಾಲ್ಕು ಮೊಳ ಜಾಗ ದಿನಕ್ಕೆ ಮೂರು ಸಂಸಾರ ಸಾಕುತ್ತದೆ. ಕೂರಲು ಮೊಣಕಾಲೆತ್ತರಕ್ಕೂ ಬಾರದ ಪ್ಲಾಸ್ಟಿಕ್ ಸ್ಟೂಲು. ಅಷ್ಟು ಗಿಡ್ಡ ಯಾಕೆಂದರೆ ಕಡಿಮೆ ಜಾಗದಲ್ಲಿ ಹೆಚ್ಚು ಜನ ಕೂರಬಹುದು, ಒಂದರೊಳಗೊಂದು ಸೇರಿಸಿ ಗಳಿಗೆಯಲ್ಲಿ ಎತ್ತಿಕೊಂಡು ಹೋಗಬಹುದು.

ಮೊದಲ ತಿಂಡಿ 15 ಸಾವಿರ ಡಾಂಗಿನದು, 50 ರೂಪಾಯಿ: ಕಡಲೆಕಾಯಿ ಸೇರಿಸಿ ಬೇಯಿಸಿದ ಅಂಟಕ್ಕಿ ಅನ್ನ, ಬಾಳೆಲೆಯಲ್ಲಿ ಕಟ್ಟಿದ್ದು. ನಾನು ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಇಲ್ಲ. ಅಲ್ಲಿನ ಅಡುಗೆಯಲ್ಲಿ ಕಣ್ಣಿಗೆ ಕಾಣದ ಮೀನಿನ ಸಾಸು ಎಲ್ಲೆಲ್ಲೂ ಇರುತ್ತದೆ. ಹಾಗಾಗಿ ‘ಚೈ’ ಎಂಬ ಮಾತು ಕಲಿತು ಹೋಗಿದ್ದೆ, ಬೌದ್ಧರ ಸಸ್ಯಾಹಾರ ಎಂದರ್ಥ. ನನ್ನ ಅದೃಷ್ಟಕ್ಕೆ ಅಂದು ಹುಣ್ಣಿಮೆ. ಚಾಂದ್ರಮಾನದ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಅಲ್ಲಿ ಬಹಳ ಮಂದಿ ಚೈ ಊಟವನ್ನೇ ಮಾಡುತ್ತಾರೆ. ಮಧ್ಯಾಹ್ನ ಸಿಕ್ಕಿದ ಪುಟ್ಟ ಚೈ ಹೋಟೆಲಿನಲ್ಲಿ ಜಾಗವಿರಲಿಲ್ಲ. ಬ್ಯಾಂಕಿನ ಸಮವಸ್ತ್ರದ ಹುಡುಗಿಯರು ಸರಿದು ಜಾಗ ಕೊಟ್ಟರು. ಬಾಳೆಹೂವಿನ ಸಲಾಡು, ತೋಫು, ಅಣಬೆ, ಅನ್ನ.

ತಿಂದದ್ದರಲ್ಲೆಲ್ಲ ಮನಸ್ಸಿನಲ್ಲಿ ಉಳಿದದ್ದು ‘ಕೊಮ್’. ಹೆಗಲಿನ ಬಿದಿರ ಅಡ್ಡೆಗೆ ಎರಡು ಬುಟ್ಟಿ ತೂಗುಹಾಕಿಕೊಂಡು ಬಂದವಳು ತಾವರೆ ಎಲೆ ಬಿಡಿಸಿ ತೋರಿಸಿದಳು: ತಿಳಿಹಸಿರು ಬಣ್ಣದ, ತೆಳ್ಳನೆಯ, ಮೆತ್ತನೆಯ ಕಾಳು. ಬಾಯಿಗೆ ಹಾಕಿದ ಕೂಡಲೇ ತಿಳಿಯಿತು, ಇದು ಅವಲಕ್ಕಿಯ ದಾಯಾದಿ. ನಾವು ಬಲಿತ ಭತ್ತ ನೆನೆಸಿ, ಹುರಿದು, ಕುಟ್ಟುತ್ತೇವೆ. ಅವರು ಕಾಳು ಇನ್ನೂ ಹಸಿರಾಗಿ, ಹಾಲು ಪೂರ್ತಿ ಗಟ್ಟಿಯಾಗುವ ಮುಂಚೆಯೇ ಅಂಟಕ್ಕಿ ಭತ್ತ ಕೊಯ್ದು, ಸಣ್ಣ ಉರಿಯಲ್ಲಿ ಹುರಿದು, ಕುಟ್ಟಿ, ಕೇರಿ, ಮತ್ತೆ ಕುಟ್ಟುತ್ತಾರೆ. ಹಿಂದೆ ಊರಿನ ಅಂಚಿನಲ್ಲಿದ್ದ ವೊಂಗ್ ಗ್ರಾಮ ಇದಕ್ಕೆ ಹೆಸರಾದದ್ದು. ಹೊಸ ಕೊಮ್ ಮುಖ್ಯವಾಗಿ ಸಿಗುವುದು ಮಳೆಗಾಲ ಮುಗಿಯುವ ಈ ದಿನಗಳಲ್ಲೇ. ಸಕ್ಕರೆ ಬೇಡ, ಬಾಳೆಹಣ್ಣಿನ ಜೊತೆ ತಿನ್ನು ಎಂದು ಅವಳು ಕೈಸನ್ನೆಯಲ್ಲೇ ಹೇಳಿಕೊಟ್ಟಳು.

ಮಲಗುವ ಜಾಗ ಹಾಸ್ಟೆಲಿನ ಎಂಟು ಜನರ ಹೆಣ್ಣುಮಕ್ಕಳ ಕೋಣೆಯಲ್ಲಿ ಒಂದು ಮೇಲಿನ ಹಾಸಿಗೆ, ರಾತ್ರಿಗೆ 600 ರೂಪಾಯಿ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ. ಉಳಿದುಕೊಂಡ ವಿದೇಶಿಯರ ವಿವರವನ್ನು ಪೊಲೀಸರಿಗೆ ಒಪ್ಪಿಸುವುದು ಅಲ್ಲಿ ಕಾನೂನು. ಮಧ್ಯಾಹ್ನದ ನಂತರ ಗುಯೆನ್ ಹೂ ಹುವಾನ್ ಬೀದಿಯ ಕೆಫೆ ಜಿಯಾಂಗ್‌ನಲ್ಲಿ ಮೊಟ್ಟೆ ಕಾಫಿ ಕುಡಿದೆ. 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗುಯೆನ್ ವಾನ್ ಜಿಯಾಂಗ್ ಎಂಬುವರು ಮೊಟ್ಟೆಯ ಹಳದಿಯನ್ನು ಸಕ್ಕರೆಯ ಜೊತೆ ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದರು. ಹಸಿವಾಸನೆ ಇಲ್ಲ. ಕೆಳಗಿರುವ ಕಾಫಿ ಗಟ್ಟಿ ರೋಬಸ್ಟಾ, ಕೊಡಗಿನ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವ ಜಾತಿಯೇ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ.

ಕತ್ತಲಾದ ಮೇಲೆ ಹೊಆನ್ ಕಿಯೆಮ್ ಸರೋವರ ಸುತ್ತಿ ದಕ್ಷಿಣಕ್ಕೆ ಗುಯೆನ್ ಝೂ ಬೀದಿಯತ್ತ ಹೋದಾಗ ಒಂದು ಪರಿಮಳ ಬಂತು, ತಲೆಗೇರುವಷ್ಟು ಗಾಢವಾದದ್ದು. ನೋಡಿದರೆ ಹಾಲೆಮರ, ಏಳೇಳು ಎಲೆಯ ಗೊಂಚಲು, ಹಸಿರು ಬಿಳಿ ಹೂವು. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ನಮ್ಮ ತುಳುನಾಡಿನಲ್ಲಿ ಇದೇ ಮರದ ಕೆತ್ತೆ ಜಜ್ಜಿ ಕಷಾಯ ಕುಡಿಯುತ್ತಾರೆ. ಕತ್ತಿ ತಾಗಿಸದೆ ಕಲ್ಲಿನಿಂದಲೇ ಕೆತ್ತೆ ತೆಗೆಯಬೇಕು. ಹನೋಯ್‌ನವರಿಗೆ ಇದು ಶರತ್ಕಾಲದ ಹೂವು, ಪ್ರೇಮಗೀತೆಗಳ ಹೂವು. ಒತ್ತೊತ್ತಾಗಿ ನೆಟ್ಟ ಬೀದಿಗಳವರು ಮಾತ್ರ ವಾಸನೆ ತಡೆಯಲಾರದೆ ದೂರು ಕೊಟ್ಟರು; ಆಡಳಿತದವರು ಊರಿನ ಪಶ್ಚಿಮ ಸರೋವರದ ದಂಡೆಯಲ್ಲಿದ್ದ ಎಷ್ಟೋ ಮರಗಳನ್ನು ಬುಡಸಮೇತ ಎಬ್ಬಿಸಿ ಊರಾಚೆಯ ಕಸದ ವಿಲೇವಾರಿ ಜಾಗಕ್ಕೆ ಸಾಗಿಸಿದರು.

ರಾತ್ರಿ ಒಂಬತ್ತಾದರೂ ಒಬ್ಬಳೇ ನಡೆಯಲು ನನಗೆ ಅಳುಕಾಗಲಿಲ್ಲ. ಬ್ಯಾಗು ಎದೆಯ ಮೇಲಿತ್ತು, ಮೊಬೈಲು ಒಳಗಿತ್ತು. ಅಷ್ಟು ಎಚ್ಚರ ಎಲ್ಲಿಯೂ ಬೇಕು. ಆದರೆ ನಿಜವಾದ ಕಾರಣ ಬೀದಿಯಲ್ಲಿ ಕೂತ ಹೆಂಗಸರು. ಚಹಾದವಳು, ಹಣ್ಣಿನವಳು, ಜೋಳ ಸುಡುವವಳು, ಹತ್ತು ಹೆಜ್ಜೆಗೆ ಒಬ್ಬಳಂತೆ. ಅವರಲ್ಲಿ ಎಷ್ಟೋ ಮಂದಿ ಸುತ್ತಲಿನ ಹಳ್ಳಿಗಳಿಂದ ಬಂದು, ಒಂದೇ ಕೋಣೆಯಲ್ಲಿ ಹಲವರು ಮಲಗಿ, ಬೆಳಗಾಗುವ ಮುಂಚೆ ಮಾರುಕಟ್ಟೆಗೆ ಹೋಗುವವರು. ಬೀದಿಯ ಮೇಲೆ ಅವರ ಕಣ್ಣು ಸದಾ ಇರುತ್ತದೆ. ಫುಟ್‌ಪಾತನ್ನು ನಡೆಯುವವರಿಗೇ ಬಿಡಿಸಿಕೊಡುತ್ತೇವೆಂದು ಹನೋಯ್ ಆಡಳಿತ 2017ರಲ್ಲಿ ದೊಡ್ಡ ಕಾರ್ಯಾಚರಣೆ ಮಾಡಿತು, ಮುಂದೆಯೂ ಆಗಾಗ ಮಾಡುತ್ತ ಬಂದಿದೆ. ಗಾಲಿಕುರ್ಚಿಯವರಿಗೆ, ಮಕ್ಕಳಿಗೆ ದಾರಿ ಬೇಕೆಂಬುದು ನ್ಯಾಯವೇ. ಅದಕ್ಕೆ ಮೊದಲು ತೆರವಾಗಬೇಕಾದದ್ದು ಅಲ್ಲಿ ನಿಲ್ಲಿಸಿದ ಬೈಕುಗಳು, ಈ ಹೆಂಗಸರ ಬುಟ್ಟಿಗಳಲ್ಲ ಎಂದು ನನಗನಿಸುತ್ತದೆ.

ಮಲಗುವ ಮುಂಚೆ ಹಾಸ್ಟೆಲಿನ ತಿರುವಿನಲ್ಲಿ ‘ಚಾ ದಾ’ಕ್ಕೆ ಕೂತೆ. ಐಸು ಹಾಕಿದ ಹಸಿರು ಚಹಾ, ಲೋಟಕ್ಕೆ 5 ಸಾವಿರ ಡಾಂಗ್, 17 ರೂಪಾಯಿ. ಸುತ್ತ ಕಾಲೇಜು ಹುಡುಗರು, ಡ್ಯೂಟಿ ಮುಗಿಸಿದ ಡೆಲಿವರಿಯವರು, ಸೂರ್ಯಕಾಂತಿ ಬೀಜ ಸುಲಿಯುತ್ತ ಮಾತು. ಇದ್ದಕ್ಕಿದ್ದಂತೆ ಬೀದಿಯ ಆ ತುದಿಯಿಂದ ಯಾರೋ ಕೂಗಿದರು. ಚಹಾದ ಅಜ್ಜಿ ಒಂದೇ ಸಲಕ್ಕೆ ಎದ್ದರು, ನಾವೂ ಎದ್ದೆವು. ಹುಡುಗರು ಸ್ಟೂಲುಗಳನ್ನು ಒಂದರೊಳಗೊಂದು ತುರುಕಿದರು, ಒಬ್ಬ ಐಸಿನ ಡಬ್ಬಿ ಹೊತ್ತ, ನನ್ನ ಕೈಗೆ ಬೀಜದ ತಟ್ಟೆ ಬಂತು. ಎಲ್ಲವೂ ಪಕ್ಕದ ಮನೆಯ ಕಿರಿದಾದ ಓಣಿಯೊಳಗೆ. ಮೈಕಿನಲ್ಲಿ ಏನೋ ಹೇಳುತ್ತ ಪೊಲೀಸರ ಗಾಡಿ ನಿಧಾನಕ್ಕೆ ದಾಟಿ ಹೋಯಿತು. ಅದು ತಿರುವು ದಾಟಿದ ಮೇಲೆ ಅಜ್ಜಿ ಮೊದಲ ಸ್ಟೂಲನ್ನು ಹೊರಗೆ ತಂದು ಹಾಕಿ ನನ್ನನ್ನು ಕರೆದರು. ನಾನು ತಟ್ಟೆ ಕೊಟ್ಟು ಇನ್ನೊಂದು ಲೋಟ ಹೇಳಿದೆ.