ಹಿಂದಿನ ಸೀಟಿಗಾಗಿ ರೂಪುಗೊಂಡ ಕಾರು

ಸೆಡಾನ್ ಎಂದರೆ ಮೂರು ಭಾಗಗಳ ಕಾರು. ಮುಂದೆ ಎಂಜಿನ್ ಮುಚ್ಚುವ ಬಾನೆಟ್, ನಡುವೆ ಜನ ಕೂರುವ ಜಾಗ, ಹಿಂದೆ ಸಾಮಾನಿಗೆ ಡಿಕ್ಕಿ. ಬಾಡಿಗೆಗೆ ಓಡುವ ಮಾರುತಿ ಡಿಸೈರ್‌ಗೂ ಮುಕ್ಕಾಲು ಕೋಟಿಯ ಮರ್ಸಿಡಿಸ್ ಇ-ಕ್ಲಾಸ್‌ಗೂ ಈ ವಿವರಣೆ ಒಂದೇ. ಎರಡರ ನಡುವಿನ ಅಂತರ ಹುಟ್ಟುವುದು ಈ ಮೂರು ಭಾಗಗಳ ಅಳತೆ ಒಂದಕ್ಕೊಂದು ಹೇಗೆ ಹೊಂದಿಕೊಂಡಿದೆ ಎಂಬುದರಲ್ಲಿ. ಐಷಾರಾಮಿ ಸೆಡಾನ್‌ಗಳ ವಿನ್ಯಾಸದ ಬಗ್ಗೆ ನಡೆಯುವ ವಾದಗಳೆಲ್ಲ ಗ್ರಿಲ್, ಹೆಡ್‌ಲೈಟ್, ಕ್ರೋಮ್ ಪಟ್ಟಿಗಳ ಸುತ್ತ ಸುತ್ತುತ್ತವೆ. ಆದರೆ ಕಾರು ಯಾರಿಗಾಗಿ ತಯಾರಾಗಿದೆ ಎಂಬುದನ್ನು ನಿಜವಾಗಿ ಹೇಳುವುದು ಅದರ ಅಳತೆ.

ನೋಡಬೇಕಾದ ಮೊದಲ ಅಳತೆ ಮುಂದಿನ ಗಾಲಿಗೂ ಮುಂದಿನ ಬಾಗಿಲಿಗೂ ನಡುವೆ ಇರುವ ಜಾಗ. ಹಿಂದಿನ ಗಾಲಿಗಳಿಗೆ ಶಕ್ತಿ ಕೊಡುವ ಕಾರುಗಳಲ್ಲಿ ಎಂಜಿನ್ ಉದ್ದುದ್ದ ಕೂರುತ್ತದೆ. ಮುಂದಿನ ಗಾಲಿಗಳು ಮೂತಿಯ ತುದಿಯತ್ತ ಸರಿಯುತ್ತವೆ, ಬಾಗಿಲಿನವರೆಗೆ ಧಾರಾಳ ಜಾಗ ಉಳಿಯುತ್ತದೆ. ಬಿಎಂಡಬ್ಲ್ಯೂ, ಮರ್ಸಿಡಿಸ್ ಸೆಡಾನ್‌ಗಳ ಗಾಂಭೀರ್ಯ ಬಹುಪಾಲು ಇಲ್ಲಿಂದ ಬರುತ್ತದೆ. ಮುಂದಿನ ಗಾಲಿಗಳೇ ಕಾರನ್ನು ಎಳೆಯುವ ವ್ಯವಸ್ಥೆಯಲ್ಲಿ ಎಂಜಿನ್ ಸಾಮಾನ್ಯವಾಗಿ ಅಡ್ಡಡ್ಡ ಕೂರುತ್ತದೆ. ಆಗ ಗಾಲಿ ಬಾಗಿಲಿನ ಹತ್ತಿರ ಬಂದು, ಮೂತಿ ಗಾಲಿಯಿಂದಾಚೆಗೆ ಚಾಚಿಕೊಳ್ಳುತ್ತದೆ. ಒಳಗೆ ಜಾಗ ಹೆಚ್ಚು, ಖರ್ಚು ಕಡಿಮೆ, ಆದರೆ ಪಕ್ಕದಿಂದ ನೋಡಿದಾಗ ಆ ಗತ್ತು ಇರುವುದಿಲ್ಲ. ಲೋಹದ ಮೇಲೆ ಎಷ್ಟೇ ಗೆರೆ ಎಳೆದರೂ ಈ ವ್ಯತ್ಯಾಸವನ್ನು ಪೂರ್ತಿ ಮರೆಮಾಚಲು ಆಗದು.

ಭಾರತದಲ್ಲಿ ಇದರ ಜೊತೆಗೆ ಇನ್ನೊಂದು ಅಳತೆ ಸೇರುತ್ತದೆ: ಹಿಂದಿನ ಸೀಟು. ಇಲ್ಲಿ ದೊಡ್ಡ ಕಾರಿನ ಒಡೆಯ ಬಹಳ ಕಾಲದಿಂದ ಹಿಂದೆ ಕೂತವನು, ಓಡಿಸುವವನು ಡ್ರೈವರ್. ಕೆಜಿಎಫ್‌ನಂಥ ಊರಿನಲ್ಲಿ ಈ ರೂಢಿಯನ್ನು ವಿವರಿಸಬೇಕಾಗಿಲ್ಲ. ಆ ಊರಿಗೆ ಕೆಲಸ ಕೊಟ್ಟ, 1964ರಲ್ಲಿ ಶುರುವಾದ ಬೆಮೆಲ್ ಮತ್ತು 1972ರಲ್ಲಿ ರೂಪುಗೊಂಡ ಭಾರತ್ ಗೋಲ್ಡ್ ಮೈನ್ಸ್ ಎರಡೂ ಕೇಂದ್ರ ಸರ್ಕಾರದ ಉದ್ದಿಮೆಗಳು. ಆ ಕಾಲದಲ್ಲಿ ದೇಶದ ಸರ್ಕಾರಿ ಉದ್ದಿಮೆಗಳ ಅಧಿಕಾರಿಗೆ ಕಾರು ಎಂದರೆ ಅಂಬಾಸಿಡರ್. ಅದರ ಸೋಫಾದಂಥ ಹಿಂದಿನ ಸೀಟೇ ಅಧಿಕಾರದ ಗುರುತಾಗಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಮತ್ತು ಮದರಾಸಿನ ಸ್ಟ್ಯಾಂಡರ್ಡ್ 2000 ಬಂದವು. ಎರಡೂ ಇಂಗ್ಲೆಂಡಿನಲ್ಲಿ ಹಳತಾಗಿದ್ದ ವಿನ್ಯಾಸಗಳು. ಸ್ಟ್ಯಾಂಡರ್ಡ್ 2000 ನೋಡಲು ಸುಂದರವಾಗಿದ್ದರೂ ಹಳೆಯ ಎಂಜಿನ್ನಿನ ಭಾರಕ್ಕೆ ಸೋತು ಕೆಲವೇ ವರ್ಷಗಳಲ್ಲಿ ಮರೆಯಾಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಜೋಡಣೆ ಆರಂಭವಾದ ಮೇಲೆ ಇಂದಿನ ಅರ್ಥದ ಐಷಾರಾಮಿ ಸೆಡಾನ್ ಈ ನೆಲದಲ್ಲಿ ತಯಾರಾಗತೊಡಗಿತು.

ಕರ್ನಾಟಕದ ಪಾಲಿಗೆ ಈ ಚರ್ಚೆಯ ಅತ್ಯುತ್ತಮ ಉದಾಹರಣೆ ಬಿಡದಿಯಲ್ಲಿದೆ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಅಲ್ಲಿ ಕ್ವಾಲಿಸ್‌ನಿಂದ ಶುರುಮಾಡಿ, ಮುಂದೆ ಕ್ಯಾಮ್ರಿ ಸೆಡಾನ್‌ನ ಜೋಡಣೆಗೂ ಕೈಹಾಕಿತು. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಂತು. 2020ರ ಜನವರಿಯಲ್ಲಿ, ಟೊಯೊಟಾದ್ದೇ ಐಷಾರಾಮಿ ಬ್ರ್ಯಾಂಡ್ ಆದ ಲೆಕ್ಸಸ್‌ನ ಇಎಸ್ 300ಎಚ್ ಕೂಡ ಬಿಡದಿಯಲ್ಲಿ ಜೋಡಣೆಯಾಗಿ ಮಾರಾಟಕ್ಕೆ ಬಂತು. ಈ ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿನ್ಯಾಸಕ್ಕೂ ಬ್ರ್ಯಾಂಡಿನ ಸ್ಥಾನಕ್ಕೂ ಇರುವ ನಂಟು ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಎರಡರ ತಳಹದಿಯೂ ಒಂದೇ ಕುಟುಂಬದ್ದು. ಆಗಿನ ಕ್ಯಾಮ್ರಿಗೂ ಇಎಸ್‌ಗೂ 2.5 ಲೀಟರಿನ ಪೆಟ್ರೋಲ್ ಎಂಜಿನ್, ಜೊತೆಗೆ ವಿದ್ಯುತ್ ಮೋಟರ್. ಎರಡೂ ಸೇರಿ ಕೊಡುವ ಶಕ್ತಿ ಎರಡು ಕಾರಿನಲ್ಲೂ 218 ಪಿಎಸ್. ಎರಡನ್ನೂ ಎಳೆಯುವುದು ಮುಂದಿನ ಗಾಲಿಗಳು. ಆದರೆ 2019ರ ಜನವರಿಯಲ್ಲಿ ಕ್ಯಾಮ್ರಿಯ ಶೋರೂಮ್ ದರ 36.95 ಲಕ್ಷ ರೂಪಾಯಿ ಇತ್ತು. ವರ್ಷದ ನಂತರ ಬಂದ ಬಿಡದಿಯ ಇಎಸ್‌ನ ಆರಂಭಿಕ ದರ 51.90 ಲಕ್ಷ. ಈ ಹದಿನೈದು ಲಕ್ಷದಲ್ಲಿ ಯಂತ್ರದ ಪಾಲು ತೀರಾ ಕಡಿಮೆ. ಇಎಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುಬಿಂದುಗಳ ಅಂತರ, ಕ್ಯಾಮ್ರಿಗಿಂತ 45 ಮಿಲಿಮೀಟರ್ ಹೆಚ್ಚು. ಒಳಗಿನ ಚರ್ಮ, ಹೊಲಿಗೆ, ಬಣ್ಣದ ಪದರ, ಸದ್ದು ತಡೆಯುವ ಗಾಜು, ಗುಂಡಿ ಒತ್ತಿದಾಗ ಬೆರಳಿಗೆ ಸಿಗುವ ಮೃದುತನ ಇವೆಲ್ಲಕ್ಕೂ ಖರ್ಚಿದೆ. ಮಿಕ್ಕದ್ದು ಹೆಸರಿನ ಬೆಲೆ. ಹಾಗೆಂದು ಅದನ್ನು ಮೋಸ ಎನ್ನುವುದು ತಪ್ಪಾಗುತ್ತದೆ. ಮಾರಾಟದ ಮಳಿಗೆಯಿಂದ ಸರ್ವಿಸ್‌ವರೆಗೆ ಬೇರೆಯದೇ ಉಪಚಾರವನ್ನು ಆ ಹೆಸರಿನ ಜೊತೆ ಕೊಡಬೇಕು ಎಂಬ ಲೆಕ್ಕದಲ್ಲೇ ಟೊಯೊಟಾ 1989ರಲ್ಲಿ ಅಮೆರಿಕದಲ್ಲಿ ಲೆಕ್ಸಸ್ ಎಂಬ ಪ್ರತ್ಯೇಕ ಬ್ರ್ಯಾಂಡನ್ನು ಮಾರುಕಟ್ಟೆಗೆ ತಂದದ್ದು. ಈ ಎಚ್ಚರ ವಹಿಸದ ಫೋಕ್ಸ್‌ವ್ಯಾಗನ್ 2002ರಲ್ಲಿ ತನ್ನ ಸಾಮಾನ್ಯ ಹೆಸರಿನಲ್ಲೇ ಫೈಟನ್ ಎಂಬ ಭಾರೀ ಸೆಡಾನ್ ತಂದಿತು. ಕಾರು ಅದ್ಭುತವಾಗಿತ್ತು. ಆದರೆ ಜನರ ಕಾರು ಎಂದು ಹೆಸರಾದ ಲಾಂಛನಕ್ಕೆ ಅಷ್ಟು ಹಣ ತೆರಲು ಹೆಚ್ಚು ಮಂದಿ ಮುಂದಾಗಲಿಲ್ಲ.

ಕ್ಯಾಮ್ರಿಯ ಕಥೆ ಇನ್ನೂ ಕುತೂಹಲದ್ದು. ಅಮೆರಿಕದಲ್ಲಿ ಅದು ಮಧ್ಯಮ ವರ್ಗದ ಮನೆಯ ಕಾರು. ದುಬೈಯಲ್ಲಿ ಟ್ಯಾಕ್ಸಿ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಎಷ್ಟೋ ಮಂದಿ ಕನ್ನಡಿಗರು ಅದರಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿದ್ದಾರೆ. ಅದೇ ಕಾರು ಭಾರತದಲ್ಲಿ 2024ರ ಡಿಸೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ ದರ 48 ಲಕ್ಷ. ಆಮದಾಗುವ ಬಿಡಿಭಾಗಗಳ ಮೇಲಿನ ಸುಂಕ, ದೊಡ್ಡ ಕಾರುಗಳ ಮೇಲಿನ ತೆರಿಗೆ, ಮಾರಾಟವಾಗುವ ಸಂಖ್ಯೆ ಕಡಿಮೆ ಇರುವುದು ಎಲ್ಲ ಸೇರಿ ಅದನ್ನು ಆ ಎತ್ತರಕ್ಕೆ ತಳ್ಳಿವೆ. ಒಂದು ದೇಶದ ಟ್ಯಾಕ್ಸಿ ಇನ್ನೊಂದು ದೇಶದಲ್ಲಿ ಐಷಾರಾಮದ ಕಾರಾಗುವಾಗ ಅದರ ಆಕಾರದಲ್ಲಿ ಬದಲಾವಣೆ ಅಲ್ಪ. ಇಲ್ಲಿನ ಕ್ಯಾಮ್ರಿಯಲ್ಲಿ ಒಡೆಯನ ಗಮನ ಸೆಳೆಯುವುದು ಹಿಂದಕ್ಕೆ ಬಾಗುವ ಹಿಂಬದಿಯ ಸೀಟು ಮತ್ತು ನಡುವಿನ ತೋಳುದಿಂಬಿನಲ್ಲಿರುವ ನಿಯಂತ್ರಣದ ಗುಂಡಿಗಳು.

ಜರ್ಮನ್ ಕಂಪನಿಗಳೂ ಇದೇ ದಾರಿಗೆ ಬಂದವು, ಇನ್ನಷ್ಟು ನಿರ್ಣಾಯಕವಾಗಿ. ಇ-ಕ್ಲಾಸ್‌ನ ಉದ್ದನೆಯ ವೀಲ್‌ಬೇಸಿನ ಮಾದರಿಯನ್ನು ಮರ್ಸಿಡಿಸ್ 2017ರಿಂದ ಪುಣೆ ಬಳಿಯ ಚಾಕಣದಲ್ಲಿ ಜೋಡಿಸುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಹೊಸ ಇ-ಕ್ಲಾಸ್‌ನ ವೀಲ್‌ಬೇಸ್ 3,094 ಮಿ.ಮೀ., ಯುರೋಪಿನ ಮಾದರಿಗಿಂತ 133 ಮಿ.ಮೀ. ಹೆಚ್ಚು. ಅದೇ ವರ್ಷದ ಜುಲೈನಲ್ಲಿ ಬಂದ, ಚೆನ್ನೈ ಬಳಿ ಜೋಡಣೆಯಾಗುವ ಬಿಎಂಡಬ್ಲ್ಯೂ 5 ಸೀರೀಸ್‌ನದು 3,105 ಮಿ.ಮೀ. ಚಾಲಕನಿಗೆ ಖುಷಿ ಕೊಡುವ ಕಾರು ಎಂಬ ಮಾತನ್ನೇ ದಶಕಗಳಿಂದ ಮಾರಿಕೊಂಡು ಬಂದ ಬಿಎಂಡಬ್ಲ್ಯೂ ಭಾರತದಲ್ಲಿ 5 ಸೀರೀಸನ್ನು ಉದ್ದ ಮಾಡಿದ್ದು ಸಣ್ಣ ತೀರ್ಮಾನವಲ್ಲ. ಕಾರುಪ್ರಿಯರು ಆಕ್ಷೇಪಿಸಿದರು: ಹಿಂದಿನ ಬಾಗಿಲು ಅತಿ ಉದ್ದವಾಯಿತು, ಮೈಕಟ್ಟು ಸಡಿಲವಾಯಿತು ಎಂದರು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ಹೆಚ್ಚುವರಿ ಜಾಗವೆಲ್ಲ ಹಿಂದೆ ಕೂತವರ ಮೊಣಕಾಲಿನ ಮುಂದೆ ಸೇರುತ್ತದೆ, ಇಲ್ಲಿ ಹಣ ಕೊಡುವವರು ಅವರೇ. ಬಳಸುವವರಿಗೆ ಒಗ್ಗುವ ಅಳತೆಯನ್ನು ಬಿಟ್ಟು ಛಾಯಾಚಿತ್ರಕ್ಕೆ ಒಪ್ಪುವ ಅಳತೆಯನ್ನು ಆರಿಸಿದ್ದರೆ ಅದು ಕೆಟ್ಟ ವಿನ್ಯಾಸವಾಗುತ್ತಿತ್ತು.

ಉದ್ದಕ್ಕೆ ಇನ್ನೊಂದು ದಂಡವೂ ಇದೆ. ಎರಡು ಗಾಲಿಗಳ ಅಂತರ ಹೆಚ್ಚಿದಷ್ಟೂ ನಡುಭಾಗ ಹಂಪ್‌ಗೆ ತಾಗುವ ಸಾಧ್ಯತೆ ಹೆಚ್ಚು. ಹಳ್ಳಿಯವರೇ ಮಣ್ಣು, ಡಾಂಬರು ಸುರಿದು ಮಾಡಿಕೊಂಡ ಕಡಿದಾದ ಹಂಪ್‌ಗಳಿರುವ ರಸ್ತೆಗಳಲ್ಲಿ ತಗ್ಗಿನ ಸೆಡಾನ್ ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ ಇಳಿಯಬೇಕು. ಕೋಲಾರದ ಕಡೆ ದುಡ್ಡಿದ್ದವರು ಫಾರ್ಚುನರ್, ಇನ್ನೋವಾಗಳತ್ತ ಒಲಿಯುವುದಕ್ಕೆ ಗತ್ತಿನಷ್ಟೇ ಈ ಹಂಪ್‌ಗಳೂ ಕಾರಣ.

ಈಗ ಮುಖದ ವಿಚಾರ. ಐಷಾರಾಮಿ ಕಾರಿನ ಗ್ರಿಲ್ ದೊಡ್ಡದಾಗುತ್ತಾ ಹೋದದ್ದು ಈ ಶತಮಾನದ ವಿದ್ಯಮಾನ. ಮೇಲಿನಿಂದ ಬಂಪರ್‌ನ ತಳದವರೆಗೆ ಒಂದೇ ಚೌಕಟ್ಟಿನ ಗ್ರಿಲ್ಲನ್ನು ಆಡಿ ಮೊದಲು ರೂಢಿಗೆ ತಂದಿತು. ಲೆಕ್ಸಸ್ 2011–12ರಲ್ಲಿ ನಡು ಸಣ್ಣಗಾಗಿ ಮೇಲೆ ಕೆಳಗೆ ಅಗಲವಾಗುವ, ನೂಲಿನ ಕದಿರಿನ ಆಕಾರದ ಗ್ರಿಲ್ ತಂದಾಗ ಅಮೆರಿಕದ ಹಳೆಯ ಗ್ರಾಹಕರು ಬೆಚ್ಚಿದರು. ಅಲ್ಲಿಯವರೆಗೆ ಲೆಕ್ಸಸ್ ಯಾರ ಕಣ್ಣಿಗೂ ಚುಚ್ಚದ ಕಾರಾಗಿತ್ತು, ಮಂಕು ಕಾರು ಎಂಬ ದೂರೂ ಅದರ ಮೇಲಿತ್ತು. ಆದರೆ ಅದೇ ಗ್ರಿಲ್ ಇಲ್ಲದಿದ್ದರೆ ಬಿಡದಿಯ ಇಎಸ್‌ನ್ನು ದೂರದಿಂದ ಗುರುತಿಸುವುದು ಕಷ್ಟವಾಗುತ್ತಿತ್ತು. ಕ್ಯಾಮ್ರಿಗೆ ಇಷ್ಟು ಹತ್ತಿರದ ನೆಂಟನಾದ ಕಾರಿಗೆ ಬೇರೆಯದೇ ಮುಖ ಬೇಕೇಬೇಕಿತ್ತು.

ಬಿಎಂಡಬ್ಲ್ಯೂನ ಗ್ರಿಲ್ ಚರ್ಚೆ ಇದಕ್ಕಿಂತ ಜೋರಾದದ್ದು. 1933ರ 303 ಮಾದರಿಯಿಂದ ಅದರ ಮೂತಿಯಲ್ಲಿ ಜೋಡಿ ಮೂತ್ರಪಿಂಡದ ಆಕಾರ ಇದೆ. 2020ರ 4 ಸೀರೀಸ್‌ನಲ್ಲಿ ಅದು ಎತ್ತರವಾಗಿ ಬೆಳೆದಾಗ ಜಗತ್ತಿನಾದ್ಯಂತ ಗೇಲಿಗೆ ಗುರಿಯಾಯಿತು. 2022ರ 7 ಸೀರೀಸ್ ಹೆಡ್‌ಲೈಟನ್ನೇ ಎರಡು ಪಾಲು ಮಾಡಿತು. ಕಂಪನಿಗೆ ಇದು ಹೊಸದೇನಲ್ಲ. 2001ರಲ್ಲಿ ಕ್ರಿಸ್ ಬ್ಯಾಂಗಲ್ ವಿನ್ಯಾಸ ವಿಭಾಗದ ಮುಖ್ಯಸ್ಥರಾಗಿದ್ದಾಗ ಬಂದ 7 ಸೀರೀಸ್‌ನ ಎತ್ತರದ ಡಿಕ್ಕಿಯನ್ನು ಕಂಡು ಅಭಿಮಾನಿಗಳು ಅವರನ್ನು ವಜಾ ಮಾಡಬೇಕೆಂದು ಸಹಿ ಸಂಗ್ರಹಿಸಿದ್ದರು. ಆ ಕಾರು ಚೆನ್ನಾಗಿ ಮಾರಾಟವಾಯಿತು, ಆ ಡಿಕ್ಕಿಯ ರೂಪ ಬೇರೆ ಕಂಪನಿಗಳ ಕಾರುಗಳಲ್ಲೂ ಕಾಣಿಸಿಕೊಂಡಿತು. ಅಭಿಮಾನಿಗಳ ಸಿಟ್ಟು ಮಾರಾಟದ ದಿಕ್ಕನ್ನು ಹೇಳುವುದಿಲ್ಲ ಎಂಬ ಪಾಠವನ್ನು ಕಂಪನಿಗಳು ಅಲ್ಲಿಂದ ಕಲಿತವು. ಆದರೆ ಪ್ರತಿ ಸಲ ಮುಖವನ್ನು ಹಿಗ್ಗಿಸುವುದಕ್ಕೆ ಅದನ್ನೇ ಸಮರ್ಥನೆ ಮಾಡಿಕೊಳ್ಳುವುದು ಸೋಮಾರಿತನ. ಅನುಪಾತ ಗಟ್ಟಿಯಾಗಿರುವ ಕಾರಿಗೆ ಅಷ್ಟು ಕೂಗಬೇಕಾದ ಅಗತ್ಯವಿರುವುದಿಲ್ಲ. 2008ರಿಂದ ಟಾಟಾ ಒಡೆತನದಲ್ಲಿರುವ ಜಾಗ್ವಾರ್ 2024ರ ಕೊನೆಯಲ್ಲಿ ಲಾಂಛನವನ್ನೂ ಬಣ್ಣವನ್ನೂ ಒಟ್ಟಿಗೆ ಬದಲಿಸಿ, ಹಳೆಯ ಗ್ರಾಹಕರನ್ನು ಬಹುಪಾಲು ಬಿಟ್ಟುಕೊಟ್ಟು ಇನ್ನೂ ಮೇಲಿನ ದರಕ್ಕೆ ಏರುವ ತೀರ್ಮಾನ ಪ್ರಕಟಿಸಿತು. ಅಲ್ಲಿಯೂ ಉದ್ದನೆಯ ಬಾನೆಟ್ಟಿನ ಅನುಪಾತವೊಂದನ್ನು ಮಾತ್ರ ಅದು ಕೈಬಿಡಲಿಲ್ಲ.

ಅನುಪಾತಕ್ಕೆ ದೊಡ್ಡ ಸವಾಲು ಬಂದಿರುವುದು ವಿದ್ಯುತ್ ಕಾರುಗಳಿಂದ. ಅದನ್ನು ಅರಿಯಲು ಬಂಗಾರಪೇಟೆಯ ಪಕ್ಕದ ರಸ್ತೆಯೇ ಸಾಕು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ, ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾಯ್ದು ಕೆಜಿಎಫ್‌ನ ಬೇತಮಂಗಲದತ್ತ ಸಾಗುವ ಸುಮಾರು 71 ಕಿ.ಮೀ., 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆಯಿತು. ಗಂಟೆಗೆ 120 ಕಿ.ಮೀ. ವೇಗಕ್ಕೆ ರೂಪಿಸಿದ ರಸ್ತೆ ಅದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ಯಿಂದ 120ಕ್ಕೆ ಹೋದರೆ ಕಾರನ್ನು ಹಿಂದಕ್ಕೆ ತಳ್ಳುವ ಗಾಳಿಯ ಬಲ ಎರಡೂಕಾಲು ಪಟ್ಟಾಗುತ್ತದೆ. ಪೆಟ್ರೋಲ್ ಕಾರಿನಲ್ಲಿ ಇದು ಮೈಲೇಜಿನ ನಷ್ಟ. ವಿದ್ಯುತ್ ಕಾರಿನಲ್ಲಿ ಊರು ಮುಟ್ಟುವ ಮೊದಲೇ ಚಾರ್ಜ್ ಹುಡುಕಬೇಕಾದ ಚಿಂತೆ. ತಗ್ಗಾದ ಸೆಡಾನ್ ಎತ್ತರದ ಎಸ್‌ಯುವಿಗಿಂತ ನಿಜವಾಗಿ ಮೇಲು ಎನಿಸುವುದು ಇಂಥ ರಸ್ತೆಯಲ್ಲಿ. ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ಭಾರದ ಕೇಂದ್ರ ಕೆಳಗಿರುವುದರಿಂದ ಕಡಿಮೆ ಓಲಾಡುತ್ತದೆ.

ಮರ್ಸಿಡಿಸ್ 2022ರಿಂದ ಭಾರತದಲ್ಲೇ ಜೋಡಿಸಿದ ಇಕ್ಯುಎಸ್ ಈ ತರ್ಕವನ್ನು ಕೊನೆಯವರೆಗೆ ಒಯ್ದ ಕಾರು. ಮೂತಿಯಿಂದ ಡಿಕ್ಕಿಯವರೆಗೆ ಒಂದೇ ಬಿಲ್ಲಿನಂಥ ಗೆರೆ, ಗಾಳಿ ತಡೆಯ ಗುಣಾಂಕ 0.20. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಅದು ಸಾಧನೆ. ಆದರೆ ಬಾನೆಟ್, ಕೋಣೆ, ಡಿಕ್ಕಿ ಎಂಬ ಮೂರು ಭಾಗಗಳ ಗುರುತೇ ಅಳಿಸಿಹೋಯಿತು. ನೆಲದಡಿಯ ಬ್ಯಾಟರಿಯಿಂದ ಹಿಂದೆ ಕೂತವರ ಮೊಣಕಾಲು ಮೇಲೆದ್ದವು, ಇಳಿಜಾರು ಚಾವಣಿ ತಲೆಯ ಬಳಿ ಬಂತು. ಹಿಂದಿನ ಸೀಟಿಗಾಗಿ ಹಣ ಕೊಡುವವರು ಮರ್ಸಿಡಿಸ್‌ನದೇ ಸಾಂಪ್ರದಾಯಿಕ ಸೆಡಾನ್ ಎಸ್-ಕ್ಲಾಸನ್ನೇ ಮೆಚ್ಚಿದರು. 2024ರಲ್ಲಿ ಕಂಪನಿ ಇಕ್ಯುಎಸ್‌ಗೆ ಸಾಂಪ್ರದಾಯಿಕ ಗ್ರಿಲ್ಲನ್ನು ಹೋಲುವ ಮುಖವನ್ನೂ ಬಾನೆಟ್ಟಿನ ಮೇಲೆ ನಿಂತ ನಕ್ಷತ್ರವನ್ನೂ ಕೊಟ್ಟಿತು. ಬಿಎಂಡಬ್ಲ್ಯೂ ಬೇರೆ ದಾರಿ ಹಿಡಿದಿತ್ತು. ಅದರ ಐ7 ವಿದ್ಯುತ್ ಕಾರು, ಪೆಟ್ರೋಲಿನ 7 ಸೀರೀಸ್‌ನ ಅದೇ ಮೈಕಟ್ಟಿನಲ್ಲಿ ಬಂತು. ಗಾಳಿಯ ಲೆಕ್ಕದಲ್ಲಿ ಹಿಂದೆ, ಒಡೆಯನ ಲೆಕ್ಕದಲ್ಲಿ ಮುಂದೆ.

ಪೆಟ್ರೋಲೋ ವಿದ್ಯುತ್ತೋ ಎಂಬ ಆಯ್ಕೆಯಲ್ಲಿ ಕರ್ನಾಟಕದ ತೆರಿಗೆಯೂ ಕೈಯಾಡಿಸುತ್ತದೆ. 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. 48 ಲಕ್ಷದ ಕಾರಿಗೆ ಇದೊಂದೇ ಎಂಟೂವರೆ ಲಕ್ಷ ದಾಟುತ್ತದೆ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗಿದ್ದ ಪೂರ್ಣ ವಿನಾಯಿತಿ 2024ರಲ್ಲಿ ಹೋಗಿ, ಶೇ 10ರ ತೆರಿಗೆ ಬಂತು. ಹಾಗಿದ್ದೂ ಪೆಟ್ರೋಲಿಗಿಂತ ಅದು ಹಗುರ. ಐಷಾರಾಮಿ ಕಾರನ್ನು ಪುದುಚೇರಿಯಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವವರನ್ನು ಸಾರಿಗೆ ಇಲಾಖೆ ಆಗಾಗ ಹಿಡಿಯುವುದು ಈ ದರಗಳ ಕಾರಣಕ್ಕೇ.

2025ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಲೆಕ್ಸಸ್ ಅನಾವರಣ ಮಾಡಿದ ಹೊಸ ಇಎಸ್‌ನಲ್ಲಿ ಈ ಎಲ್ಲ ಎಳೆಗಳೂ ಸೇರಿವೆ. ಒಂದೇ ಮೈಕಟ್ಟಿನಲ್ಲಿ ಹೈಬ್ರಿಡ್ ಮತ್ತು ವಿದ್ಯುತ್ ಮಾದರಿಗಳು. ಉದ್ದ 5,140 ಮಿ.ಮೀ., ಹಿಂದಿನ ಇಎಸ್‌ಗಿಂತ 165 ಮಿ.ಮೀ. ಹೆಚ್ಚು. ವೀಲ್‌ಬೇಸ್ 80 ಮಿ.ಮೀ. ಹೆಚ್ಚಿ 2,950ಕ್ಕೆ ಏರಿದೆ. ಆ ದೊಡ್ಡ ಗ್ರಿಲ್ ಕಿಂಡಿಯಾಗಿ ಉಳಿದಿಲ್ಲ, ಮೂತಿಯ ಲೋಹದಲ್ಲೇ ಅದರ ಗೆರೆ ಮೂಡಿದೆ. ವಿನ್ಯಾಸಪ್ರಿಯರಿಗೆ ಹಿಡಿಸದ್ದು ಎತ್ತರ: ಬ್ಯಾಟರಿಗೆ ಜಾಗ ಮಾಡಲು ಕಾರು 100 ಮಿ.ಮೀ.ಗಿಂತಲೂ ಹೆಚ್ಚು ಎತ್ತರವಾಗಿದೆ, ಸೆಡಾನ್‌ನ ತಗ್ಗಿನ ನಿಲುವು ಅಷ್ಟರಮಟ್ಟಿಗೆ ಕಳೆದಿದೆ. ಆದರೆ ಸೀಟು ಮೇಲೇರಿದರೆ ಮಂಡಿನೋವಿನ ಹಿರಿಯರು ಬಗ್ಗದೆ ಹತ್ತಿ ಇಳಿಯಬಹುದು. ಭಾರತದಲ್ಲಿ ಹಿಂದಿನ ಸೀಟಿನಲ್ಲಿ ಹೆಚ್ಚಾಗಿ ಕೂರುವವರು ಅವರೇ ಆದ್ದರಿಂದ, ಚಿತ್ರದಲ್ಲಿ ಕಳೆದುಕೊಂಡದ್ದನ್ನು ಈ ಕಾರು ಇಲ್ಲಿನ ಮಾರಾಟದಲ್ಲಿ ಗಳಿಸುವ ಸಾಧ್ಯತೆ ಹೆಚ್ಚು.